ಹುಲ್ಲಪ್ಪನ ತಲೆಗೆ ಹತ್ತಿದ ಹಪ್ಪಳ

ಗುಡೂರಿನ ಹುಲ್ಲಪ್ಪನ ತಲೆ ಇಪ್ಪತ್ತೇಳನೇ ವಯಸ್ಸಿಗೇ ಬಟಾಬಯಲಾಗಿತ್ತು. ಕೆರೂರ ಸಂತೆಯಲ್ಲಿ ಕಂಡ ಸೋಮವ್ವನಿಗೆ ಅವನು ಮನಸೋತಿದ್ದ. ಆಕೆ ಕಂಡದ್ದು ಅವನು ತಲೆಗೆ ಸುತ್ತಿದ ಪಟಗವನ್ನು ಮಾತ್ರ, ಅದರ ಕೆಳಗಿನ ಕತೆ ಆಕೆಗೆ ಗೊತ್ತಿಲ್ಲ ಎಂದು ಪಾಪ, ಅವನ ನಂಬಿಕೆ. ಇವತ್ತು ಮಧ್ಯಾಹ್ನ ಆಕೆಯ ತಂದೆ ಹನಮಂತಪ್ಪ ಮನೆ ನೋಡಲು ಬರುವವನಿದ್ದ. ಮನೆ ಮನಸ್ಸಿಗೆ ಬಂದರೆ ಮಾವನಾಗುವವನು ವರನ ಹಳೇ ಪಟಗ ಬಿಚ್ಚಿ, ತನ್ನ ಕೈಯಾರೆ ಹೊಸದು ಸುತ್ತಬೇಕು. ಅದು ಪದ್ಧತಿ. ಹುಲ್ಲಪ್ಪನಿಗೆ ಅದೇ ಫಜೀತಿ.

ಹೋದ ತಿಂಗಳು ಅವನ ಟಗರಿನ ಕುತ್ತಿಗೆಗೆ ಗಾಯವಾದಾಗ ದನದ ದವಾಖಾನೆಯ ಡಾಕ್ಟರ್ ರಾಚಯ್ಯ, ಪುಣೆಯಿಂದ ತರಿಸಿದ್ದ ಹಪ್ಪಳದಂಥ ತೆಳ್ಳನೆ ಬಿಲ್ಲೆಯೊಂದನ್ನು ಅಂಟಿಸಿದ್ದರು.

"ಇದು ಮೈಯಾಗ ತಾನ ಕರಗತೈತಿ. ಕರಗಿದಂಗೆಲ್ಲಾ ಒಳಗಿನ ಬೆಳಸೂ ಔಷಧ ಚೂರಚೂರ ಬಿಡತೈತಿ," ಎಂದಿದ್ದರು.

ಗಾಯ ಮಾಯ್ದು, ಅಲ್ಲಿ ಮೊದಲಿಗಿಂತ ದಟ್ಟವಾಗಿ ಉಣ್ಣೆ ಬಂದಿತ್ತು. "ನನ್ನ ತಲಿಗೂ ಒಂದ ಹಚ್ಚರಿ" ಎಂದು ಹುಲ್ಲಪ್ಪ ಅಂಗಲಾಚಿದರೆ, "ಮನಷ್ಯಾರಿಗಲ್ಲೋ ತಮ್ಮಾ, ಇನ್ನೂ ಕುರಿ ಮ್ಯಾಲೇ ಪರೀಕ್ಷಾ ನಡದೈತಿ" ಎಂದು ಸಾಗಹಾಕಿದ್ದರು.

ಇವತ್ತು ಬೆಳಿಗ್ಗೆ ಡಾಕ್ಟರು ಎಮ್ಮೆಗೆ ಸೂಜಿ ಚುಚ್ಚಲು ತಿರುಗಿದ ಹೊತ್ತಿಗೆ ಹುಲ್ಲಪ್ಪ ಡಬ್ಬಿಯಿಂದ ಒಂದು ಹಪ್ಪಳ ಎತ್ತಿಕೊಂಡು ಬಂದ. ನೆತ್ತಿಗೆ ಅಂಟಿಸಿದ, ಮೇಲೆ ಬಿಗಿಯಾಗಿ ಪಟಗ ಸುತ್ತಿದ. ಮಧ್ಯಾಹ್ನದೊಳಗೆ ಒಂದಿಷ್ಟಾದರೂ ಕಪ್ಪು ಕಾಣಲಿ ಎಂದು ಬೀರಪ್ಪ ದೇವರಿಗೆ ಕೈಮುಗಿದ.

ಬಿಸಿಲಿಗೆ ಬೆವರಿಳಿಯಿತು. ಹಪ್ಪಳ ಮೆತ್ತಗಾಗಿ, ಪಟಗದ ಬಟ್ಟೆಯನ್ನೂ ಅಪ್ಪಿಕೊಂಡಿತು. ಬೆರಳು ತೂರಿಸಿ ನೋಡಿದರೆ ಪಟಗ ಅಲುಗಲೊಲ್ಲದು!

"ಚಿಗವ್ವಾ, ಕೆಟ್ಟೆನಬೇ!" ಎಂದು ಪಕ್ಕದ ಮನೆಯ ಮಾಯವ್ವನ ಹತ್ತಿರ ಓಡಿದ. ಆಕೆ ಬಿಸಿನೀರು ಸುರಿದಳು. ಪಟಗ ಮತ್ತಷ್ಟು ಹಿಡಿಯಿತು. ಎದುರುಮನೆಯ ದರ್ಜಿ ಅಮೀನಸಾಬ ಎರಡೂ ಕೈಯಿಂದ ಜಗ್ಗಿದ. ಪಟಗದ ಜೊತೆ ಹುಲ್ಲಪ್ಪನೇ ಎದ್ದು ನಿಂತ.

"ಬಿಡೋ ಅಮೀನಣ್ಣಾ, ರುಂಡನ ಕಿತ್ತ ಬಂದೀತು!"

ಅಷ್ಟರಲ್ಲಿ ಹನಮಂತಪ್ಪ ಬಂದೇಬಿಟ್ಟ. ಮನೆ ನೋಡಿದ, ಕುರಿ ನೋಡಿದ, ತಲೆದೂಗಿದ. ಚೀಲದಿಂದ ಕೆಂಪು ಪಟಗ ತೆಗೆದ.

"ಎಲ್ಲಾ ಪಸಂದ ಆತು. ಬರ್ರಿ ಅಳ್ಯಾರ, ಹಳೇದು ಬಿಚ್ಚತೇನಿ."

"ಬಿಚ್ಚೂದು ಬ್ಯಾಡರಿ!" ಮಾಯವ್ವ ಅಡ್ಡ ಬಂದಳು. "ಅವನ ಕೂದಲಾ ಭಾಳ ದಟ್ಟ. ಬಿಚ್ಚಿದ್ರ ಮತ್ತ ಕಟ್ಟೂದ್ರಾಗ ಹೊತ್ತ ಮುಣಗತೈತಿ."

"ಖರೇನರಿ. ಬಾಚಿದ್ರ ಹಣಗಿ ಹಲ್ಲು ಮುರೀತಾವು," ಎಂದ ಅಮೀನಸಾಬ.

ಹನಮಂತಪ್ಪನ ಮುಖ ಸಣ್ಣದಾಯಿತು. ಮಾವನಿಗೆ ನಂಬಿಕೆ ಬರಲಿಲ್ಲವೆಂದು ತಿಳಿದ ಹುಲ್ಲಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ದಿನಾ ಕನ್ನಡಿ ಮುಂದ ಕುಂತು ಬಾಚಿದ್ರ, ಕ್ರಾಪ್ ಕುಂದ್ರೂದಕ್ಕ ಅರ್ಧಾ ದಿನಾ ಬೇಕ್ರಿ ಮಾವಾರ!"

ಹನಮಂತಪ್ಪ ಕೆಂಪು ಪಟಗವನ್ನು ತಿರುಗಿ ಚೀಲಕ್ಕೆ ತುರುಕಿದ.

"ನಮ್ಮ ಹಿರೇ ಅಳಿಯಾನೂ ಹಿಂಗ ಸ್ಟೆಪ್ ಕಟಿಂಗ್ ಬಿಟ್ಟಾನ. ಅಂವಾ ಕ್ರಾಪ್ ತೀಡ್ಕೋತ ಕುಂತಾಗ ಅರ್ಧಾ ಕುರಿಹಿಂಡು ತ್ವಾಳದ ಪಾಲಾತು. 'ಅಪ್ಪಾ, ನನಗ ಬೋಳತಲಿಯವನ್ನ ನೋಡು' ಅಂತ ಸೋಮವ್ವ ಹಟಾ ಹಿಡದಾಳ. ನಿಮ್ಮ ಹುಡುಗಂದು ಬೋಳತಲಿ ಅಂತ ಕೇಳೇ ಬಂದಿದ್ನಿ. ಯಾರೋ ಸುಳ್ಳ ಹೇಳ್ಯಾರ."

"ಬೋಳೇ ಐತ್ರಿ! ದೇವರಾಣಿ ಬೋಳರಿ!" ಹುಲ್ಲಪ್ಪ ಕಿರುಚಿದ.

"ಹಂಗಾರ ಬಿಚ್ಚಿ ತೋರಸು."

ಮೂವರೂ ಸೇರಿ ಜಗ್ಗಿದರು. ಹುಲ್ಲಪ್ಪನ ಹುಬ್ಬುಗಳು ಹಣೆಯ ಮೇಲಕ್ಕೆ ಹೋದವೇ ಹೊರತು ಪಟಗ ಕದಲಲಿಲ್ಲ. ಹನಮಂತಪ್ಪ ಬಸ್ಸು ಹತ್ತಿ ಹೋದ.

ಮಾಯವ್ವ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ಚಿಮಟದಿಂದ ಪಟಗದ ಅಂಚನ್ನು ತುಸು ಎತ್ತಿ ಇಣುಕಿದವರು ಸಂತೋಷದಿಂದ ಕುಣಿದೇಬಿಟ್ಟರು.

"ಹುಲ್ಲಪ್ಪಾ! ಆಗಲೇ ಕರ್ರಗ ಮೊಳಕಿ ಒಡದಾವಲ್ಲೋ! ತಿಂಗಳ ತುಂಬೂದ್ರಾಗ ತಲಿತುಂಬ ಕೂದಲಾ! ನನ್ನ ಪರೀಕ್ಷಾ ಗೆದ್ದೈತಿ!"

ಹುಲ್ಲಪ್ಪ ಗಳಗಳ ಅತ್ತ. ಡಾಕ್ಟರರ ಎರಡೂ ಕಾಲು ಹಿಡಿದುಕೊಂಡ.

"ಸಾಹೇಬ್ರ, ಬರದಂಗ ಮಾಡ್ರೀ!"

"ಅದೊಂದು ಆಗೂದಿಲ್ಲ ತಮ್ಮಾ," ಎಂದರು ಡಾಕ್ಟರು ಹೆಮ್ಮೆಯಿಂದ. "ಒಮ್ಮಿ ಹಚ್ಚಿದ್ರ ಪೂರ್ತಿ ಕರಗೂ ಮಟ ಅದನ್ನ ಯಾರಿಂದಲೂ ನಿಂದ್ರಸಾಕ ಆಗೂದಿಲ್ಲ."