ವೈಫೈಗೆ ಒಬ್ಬ ಗಂಡಸು ಬೇಕು

ವೈಫೈ ಜೋಡಿಸಲು ಬಂದ ಕಂಪನಿಯವನು ಮನೆಯಲ್ಲಿ ಗಂಡಸರಿಲ್ಲ ಎಂದು ವಾಪಸು ಹೋದ. ಮನೆಯಲ್ಲಿ ಇಬ್ಬರು ಹೆಂಗಸರಿದ್ದೆವು. ಕಂಪ್ಯೂಟರ್ ಇತ್ತು, ಕರೆಂಟ್ ಇತ್ತು, ವೈಫೈ ಡಬ್ಬಿ ಅವನ ಕೈಯಲ್ಲೇ ಇತ್ತು. ಆದರೂ ಹೋದ. ಇದು ತಪ್ಪು. ಇದಕ್ಕೆ ಬೇರೆ ಹೆಸರಿಲ್ಲ.

ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಲ್ಲಿ ರಿಪೇರಿಯವನೂ ಬಂದವನೇ ಗಂಡಸರೆಲ್ಲಿ ಎಂದು ಕೇಳುತ್ತಾನೆ, ನೀರು ಹಿಡಿಯುವವರು ಯಾರೆಂದು ಕೇಳುವುದಿಲ್ಲ. ಇಂಥದ್ದಕ್ಕೆಲ್ಲ ನಾನು ಪಂಚಾಯ್ತಿ ಮುಂದೆ ನಿಂತು ಕೂಗುವವಳು. ಶಾಲೆ ಅರ್ಧಕ್ಕೇ ಬಿಟ್ಟವಳು, ಕೂಗುವುದನ್ನೂ ಕಂಪ್ಯೂಟರನ್ನೂ ನಾನಾಗಿಯೇ ಕಲಿತೆ. ಆದರೆ ಈ ವೈಫೈ ವಿಷಯದಲ್ಲಿ ಕೂಗಿದ್ದಕ್ಕಿಂತ ನಕ್ಕದ್ದೇ ಹೆಚ್ಚಾಯಿತು.

ಮನೆ ನನ್ನದಲ್ಲ, ಎದುರು ಮನೆಯ ಅಕ್ಕನದು. ಧಾರವಾಡದ ಕಡೆಯವಳು. ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ನಮ್ಮಿಬ್ಬರ ಕೆಲಸ. ನಾನು ಪ್ಯಾಕಿಂಗ್, ಅವಳು ಲೋಡಿಂಗ್. ಪೆಟ್ಟಿಗೆ ಎತ್ತಿ ಎತ್ತಿ ಅವಳ ಬೆನ್ನು ಸೋತಿತ್ತು. ಅಷ್ಟರಲ್ಲಿ ಸ್ಟೋರ್ಸ್‌ನಲ್ಲಿ ಒಂದು ಜಾಗ ಖಾಲಿಯಾಯಿತು. ಸರಕಿನ ಎಂಟ್ರಿ ಮಾಡುವುದನ್ನು ಆನ್‌ಲೈನ್ ಕ್ಲಾಸಿನಲ್ಲಿ ಕಲಿತು ಕೊನೆಯ ಪರೀಕ್ಷೆ ಪಾಸಾದವರಿಗೆ ಆ ಜಾಗ ಎಂದರು. ಕ್ಲಾಸು ರವಿವಾರ ಮಧ್ಯಾಹ್ನ, ಮನೆಯಿಂದಲೇ. ಅಕ್ಕ ಸಂಬಳದ ಮಾತೆತ್ತಲಿಲ್ಲ. "ಅಲ್ಲಿ ಕುರ್ಚಿಗೆ ಬೆನ್ನ ಐತೇನು?" ಎಂದಷ್ಟೇ ಕೇಳಿದಳು. ಇದೆ ಎಂದೆ. ಆ ವಾರವೇ ಯಾರೋ ಬಿಟ್ಟುಕೊಟ್ಟ ಹಳೇ ಕಂಪ್ಯೂಟರೊಂದನ್ನು ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಳು.

ಮೊಬೈಲ್ ನೆಟ್ ನಮ್ಮ ತಗಡಿನ ಚಾವಣಿಯೊಳಗೆ ಇಳಿಯುವುದಿಲ್ಲ. ನಲ್ಲಿಕಟ್ಟೆಯ ಮೇಲೆ ನಿಂತರೆ ಸಿಗುತ್ತದೆ. ಆದರೆ ಕಂಪ್ಯೂಟರ್ ಹೊತ್ತುಕೊಂಡು ನಲ್ಲಿಕಟ್ಟೆ ಹತ್ತಿದರೆ, ಕೊಡ ಹಿಡಿದು ನಿಂತವರು ಪಾಳಿ ತಪ್ಪಿಸಿದಳೆಂದು ಕೆಳಗೆ ಎಳೆಯುತ್ತಾರೆ. ಅದಕ್ಕೇ ವೈಫೈ.

ಬಂದ ದಾರಿಗೆ ಸುಂಕವಿಲ್ಲದೆ

ಕಂಪನಿಯವನು ಬಾಗಿಲಲ್ಲಿ ನಿಂತು ಕೇಳಿದ ಮೊದಲ ಮಾತು: "ಘರ್ ಮೆ ಕೋಯಿ ಜೆಂಟ್ಸ್ ಹೈ?"

ಅಕ್ಕನ ಗಂಡನಿಗೆ ಹಡಗಿನಲ್ಲಿ ಕೆಲಸ, ತಿಂಗಳುಗಟ್ಟಲೆ ಸಮುದ್ರದ ಮೇಲೇ ಇರುತ್ತಾನೆ. ಮಾವ ಚಹಾದಂಗಡಿಗೆ ಹೋಗಿದ್ದ. ಗಂಡಸರಿಲ್ಲ, ಏನು ಹೇಳುವುದಿದ್ದರೂ ನಮಗೆ ಹೇಳು ಎಂದೆ. ಸೆಟಿಂಗ್ ತಿಳಿಸಿಕೊಡಬೇಕು ಎಂದ. ತಿಳಿಸು ಎಂದೆ. ಪಾಸ್‌ವರ್ಡ್ ಒಪ್ಪಿಸಬೇಕು ಎಂದ. ಒಪ್ಪಿಸು, ಬಳಸುವವಳು ಇವಳೇ ಎಂದು ಅಕ್ಕನನ್ನು ತೋರಿಸಿದೆ. ಅವನು ಅಕ್ಕನನ್ನು ನೋಡಿದ, ಕಂಪ್ಯೂಟರನ್ನು ನೋಡಿದ, ಇವೆರಡಕ್ಕೂ ಏನು ಸಂಬಂಧ ಎಂಬಂತೆ ನನ್ನನ್ನು ನೋಡಿದ. ಜೆಂಟ್ಸ್ ಇರುವಾಗ ಬರುತ್ತೇನೆಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಮೆಟ್ಟಿಲಿಳಿದವನು ತಿರುಗಿ, ಸೆಕೆ ಬಹಳ, ಕುಡಿಯಲು ನೀರು ಕೊಡಿ ಎಂದ. ಅಕ್ಕ ತಂಬಿಗೆ ತುಂಬಾ ಕೊಟ್ಟಳು. ಅದನ್ನು ಇಸಿದುಕೊಳ್ಳುವಾಗ ಅವನು ಯಾವ ಜೆಂಟ್ಸನ್ನೂ ಕೇಳಲಿಲ್ಲ.

ಕುರ್ಚಿಯ ಮೇಲಿನ ಗಂಡಸು

ಎರಡನೇ ಸಲ ಅವನು ಬರುತ್ತಾನೆಂದು ತಿಳಿದಾಗ, ಚಹಾದಂಗಡಿಗೆ ಹೊರಟಿದ್ದ ಅಕ್ಕನ ಮಾವನನ್ನು ಓಣಿಯ ತಿರುವಿನಲ್ಲೇ ಹಿಡಿದೆ.

ಈ ಮುದುಕನನ್ನು ಓಣಿಯವರೆಲ್ಲ ಗೇಟ್ ಕಾಕಾ ಎನ್ನುತ್ತಾರೆ. ವಿಜಯಪುರ ಜಿಲ್ಲೆಯಿಂದ ಬಂದು ಇಡೀ ಆಯುಷ್ಯ ಕಾರ್ಖಾನೆಯೊಂದರ ಗೇಟ್ ಕಾದವನು. ಅವನ ಹಿಂದಿ ಗೇಟಿನಷ್ಟೇ ಅಗಲ. "ಕಿಧರ್ ಜಾನಾ?" "ಗಾಡಿ ಪೀಛೇ ಲೇವೋ." "ಸಾಬ್ ನಹೀ ಹೈ, ಕಲ್ ಆವೋ." ಎಲ್ಲಿಗೆ, ಗಾಡಿ ಹಿಂದೆ ತಗೋ, ಸಾಹೇಬರಿಲ್ಲ ನಾಳೆ ಬಾ: ಇದರಾಚೆಗೆ ಒಂದು ಮಾತೂ ಅವನಿಗೆ ಬೇಕಾಗಿರಲಿಲ್ಲ.

"ಕಾಕಾ, ನೀವು ಸುಮ್ನ ಕುರ್ಚಿ ಮ್ಯಾಲ ಕುಂಡ್ರಬೇಕ್ರಿ."

"ಯಾಕ? ಏನ ಕೆಲಸ?"

"ಗಂಡಸ ಆಗೂ ಕೆಲಸರಿ."

"ಅದೇನ ಹೊಸಾದ ಅಲ್ಲ ಬಿಡ," ಎಂದು ಬಂದು ಕುಳಿತ.

ಕಂಪನಿಯವನ ಮುಖ ಅರಳಿತು. ಕಾಕಾನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದ. ಯಾವ ದೀಪ ಹಸಿರಾಗಬೇಕು, ಯಾವುದು ಕೆಂಪಾದರೆ ಕೆಟ್ಟಿತು, ಯಾವಾಗ ಆರಿಸಿ ಹಚ್ಚಬೇಕು. ಕಾಕಾ ಪ್ರತಿ ಮಾತಿಗೂ ಸಾಹೇಬನ ಗಾಡಿಗೆ ಗೇಟ್ ತೆಗೆಯುವವನಂತೆ ತಲೆಯಾಡಿಸಿದ. ಹಿಂದೆ ನಿಂತಿದ್ದ ನಾನು ಒಂದು ಪ್ರಶ್ನೆ ಕೇಳಿದೆ. ಅವನು ಅದರ ಉತ್ತರವನ್ನೂ ಕಾಕಾನಿಗೇ ಹೇಳಿದ. ಕೊನೆಗೆ ಪಾಸ್‌ವರ್ಡ್ ಹಾಕಿ, ಅದನ್ನು ತನ್ನ ಫೋನಿನಲ್ಲಿ ಕಾಕಾನ ಕಣ್ಣ ಮುಂದೆ ಮಾತ್ರ ಹಿಡಿದು, ಯಾರಿಗೂ ಹೇಳಬೇಡ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಡಬ್ಬಿಯ ಜೊತೆ ಬಂದಿದ್ದ ಚೂರುಪಾರು ಸಾಮಾನನ್ನೂ ಅವನ ಕೈಗೇ ಕೊಟ್ಟ.

ಹೋಗುವಾಗ ನಮ್ಮಿಬ್ಬರ ಕಡೆ ತಿರುಗಿ ಒಂದು ಉಪಕಾರ ಮಾಡಿದ. ಚಾಚಾಗೆ ಎಲ್ಲ ತಿಳಿದಿದೆ, ನಿಮಗೇನಾದರೂ ಸಂಶಯ ಬಂದರೆ ಅವರನ್ನೇ ಕೇಳಿ ಎಂದ.

ಹೊಸ ಗೇಟು

ಕಾಕಾನಿಗೆ ತಿಳಿದದ್ದು ಒಂದೇ, ಆ ತುಟಿಯ ಮೇಲಿನ ಬೆರಳು. ಅದು ಅವನ ಹಳೇ ಕಸುಬಿನ ಮಾತು. ಒಳಗೆ ಬಿಡಬಾರದು ಎಂದರೆ ಬಿಡಬಾರದು, ಅಷ್ಟೇ. ನಿವೃತ್ತನಾಗಿ ಚಹಾದಂಗಡಿಯಲ್ಲಿ ದಿನ ನೂಕುತ್ತಿದ್ದ ಮನುಷ್ಯನಿಗೆ ಮತ್ತೆ ಒಂದು ಗೇಟ್ ಸಿಕ್ಕಿತು.

ರವಿವಾರ ಕ್ಲಾಸಿಗೆ ಮೊದಲು ಅಕ್ಕ ಪಾಸ್‌ವರ್ಡ್ ಕೇಳಿದಳು. "ಹೇಳೂದಲ್ಲವಾ ಅದು, ಹಾಕೂದು," ಎಂದು ತಾನೇ ಬಂದ. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿರಿ ಎಂದ. ನಾವು ನಿಂತೆವು. ಹಿಂದಿನಿಂದ ಒಂದೇ ಬೆರಳಿನ ಟಕ್, ಟಕ್ ಕೇಳುತ್ತಿತ್ತು. ಕಾರ್ಖಾನೆಯ ಮ್ಯಾನೇಜರನ ಮುಂದೆ ಬೆನ್ನು ತಿರುಗಿಸದವಳು ನಾನು, ಅಲ್ಲಿ ಗೋಡೆಯ ಮೇಲಿನ ಪಾಚಿ ನೋಡುತ್ತ ನಿಂತಿದ್ದೆ.

ಕಂಪ್ಯೂಟರ್ ಒಮ್ಮೆ ಹಾಕಿದ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುತ್ತದೆ, ಇನ್ನು ಚಿಂತೆಯಿಲ್ಲ ಎಂದು ನಾನು ಅಕ್ಕನಿಗೆ ಮೆಲ್ಲಗೆ ಹೇಳಿದ್ದು ಕಾಕಾನ ಕಿವಿಗೆ ಬಿತ್ತು. ಅವನಿಗೆ ಸಿಟ್ಟೇ ಬಂತು. ಒಮ್ಮೆ ಒಳಗೆ ಬಂದವನು ದಿನಾ ಒಳಗೆ ಬರಬಹುದು ಎಂದರೆ ಗೇಟ್ ಯಾಕೆ ಬೇಕು, ತೆಗೆದು ಹಾಕಿರಿ ಎಂದ. ಅಕ್ಕನ ಪಕ್ಕದಲ್ಲಿ ನಿಂತು, ಅವಳ ಕೈಯಿಂದಲೇ ಕಂಪ್ಯೂಟರಿನಲ್ಲಿದ್ದ ಪಾಸ್‌ವರ್ಡ್ ಅಳಿಸಿ ಹಾಕಿಸಿದ. ಮುಂದೆ ಪ್ರತಿ ಕ್ಲಾಸ್ ಮುಗಿದ ಕೂಡಲೇ ಇದೇ ಪದ್ಧತಿಯಾಯಿತು.

ನಾನು ಜಗಳ ತೆಗೆದೆ. ಇದು ನಿಮ್ಮ ಸೊಸೆಯ ಕೆಲಸದ ವಿಷಯ, ಅವಳ ಬೆನ್ನಿನ ವಿಷಯ ಎಂದೆ. "ಏ ಮೋರ್ಚಾ ಬಾಯಿ," ಎಂದ ಕಾಕಾ. "ನಾ ಆಕಿನ್ನ ತಡದೇನೇನು? ಆಕಿ ಬಂದಾಗೆಲ್ಲ ತಗದ ಬಿಡಾಕತ್ತೇನಿ."

ಒಮ್ಮೆ ಹಡಗಿನಿಂದ ಕಾಕಾನ ಮಗ, ಅಕ್ಕನ ಗಂಡ, ರಜೆಗೆ ಬಂದ. ಡಬ್ಬಿಯ ಬಾಡಿಗೆ ಕಟ್ಟುವವನು ಅವನೇ. ಅವನು ಫೋನ್ ಹಿಡಿದು ಪಾಸ್‌ವರ್ಡ್ ಕೇಳಿದಾಗ ಇನ್ನೇನು ಗುಟ್ಟು ಹೊರಬಿತ್ತು ಎಂದುಕೊಂಡೆವು. ಕಾಕಾ ಮಗನನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ. ನ್ಯಾಯ ಎಲ್ಲರಿಗೂ ಒಂದೇ ಎಂಬುದನ್ನು ನಾನು ಒಪ್ಪಬೇಕಾಯಿತು.

ಸಾಂಗೆಯಿಂದ ಬಂದ ಉತ್ತರ

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಶುರು, ಹೊತ್ತು ಮೀರಿದರೆ ಬಾಗಿಲು ಮುಚ್ಚುತ್ತದೆ, ಮತ್ತೊಂದು ಅವಕಾಶವಿಲ್ಲ. ಅಕ್ಕ ಹಣೆಗೆ ಕುಂಕುಮವಿಟ್ಟು, ಕಂಪ್ಯೂಟರಿಗೂ ಒಂದು ಬೊಟ್ಟಿಟ್ಟು ಮಾವನನ್ನು ಕರೆದಳು. ಮಾವ ಇರಲಿಲ್ಲ. ನಾವು ಬೆಳಗಿನ ಪಾಳಿಯ ನೀರಿಗೆ ಹೋಗಿದ್ದಾಗ, ಸಾಂಗೆಯಲ್ಲಿರುವ ಮಗಳ ಮನೆಗೆ ಬಸ್ ಹತ್ತಿದ್ದ. ಪಾಸ್‌ವರ್ಡ್ ಅವನ ತಲೆಯೊಳಗೆ ಕುಳಿತು ಟಿಕೆಟಿಲ್ಲದೆ ಸಾಂಗೆಗೆ ಹೋಗಿತ್ತು.

ಅಕ್ಕ ನಲ್ಲಿಕಟ್ಟೆ ಹತ್ತಿ ಫೋನ್ ಮಾಡಿದಳು. ನಾನು ಫೋನನ್ನು ದೊಡ್ಡ ದನಿಗೆ ಹಾಕಿದೆ.

"ಮಾವಾರ, ಇವತ್ತ ಪರೀಕ್ಷಾ ಐತ್ರಿ. ಕೀಲಿ ಹೇಳ್ರಿ."

"ನೀನ ಅಂತ ನನಗ ಹೆಂಗ ಖಾತ್ರಿ ಆಗಬೇಕವಾ?"

"ನಾನಽರೀ, ನಿಮ್ಮ ಸೊಸಿ."

"ಹಂಗಂತ ಯಾರರೆ ಅಂದಾರು. ನಿನ್ನಿ ರಾತ್ರಿ ನಾ ಏನ ಉಂಡೆ, ಹೇಳ."

"ರೊಟ್ಟಿ, ಬದನಿಕಾಯಿ ಪಲ್ಯ. ಖಾರ ಇಲ್ಲಂತ ಬೈದ್ರಿ."

"ಖರೇ. ನೀನ ಅದಿ," ಎಂದ ಕಾಕಾ. ನಾವಿಬ್ಬರೂ ಉಸಿರು ಬಿಟ್ಟೆವು. "ಆದ್ರ ಫೋನ್ ಮ್ಯಾಲ ಗೇಟ್ ತಗಿಯೂ ಪದ್ಧತಿ ಇಲ್ಲವಾ. ತಡಿ, ನಾನ ಬಸ್ ಹತ್ತಿ ಬರತೇನಿ."

ಸಾಂಗೆಯ ಬಸ್ಸು ಇಲ್ಲಿ ಮುಟ್ಟುವಷ್ಟರಲ್ಲಿ ಮೂರು ಯಾವಾಗಲೋ ದಾಟಿರುತ್ತದೆ. ಮುಂದೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರು ಕೊಡ ತುಂಬಿ ಹರಿದದ್ದೂ ಗೊತ್ತಾಗದಂತೆ ನನ್ನ ಬಾಯಿ ನೋಡುತ್ತಿದ್ದರು.

ಟವೆಲ್ ಇಲ್ಲದ ಹಗ್ಗ

ಅಕ್ಕ ಒಳಗೆ ಹೋಗಿ ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಅಳಲಿಲ್ಲ. "ಈ ಸ್ಟೂಲಿಗೂ ಬೆನ್ನ ಇಲ್ಲ ನೋಡ," ಎಂದಳು.

ವೈಫೈ ಬೇಡ, ಡಬ್ಬಿಯಿಂದ ಕಂಪ್ಯೂಟರಿಗೆ ನೇರ ಒಂದು ತಂತಿ ಹಾಕಿದರೂ ಸಾಕು, ಆಗ ಯಾರ ಪಾಸ್‌ವರ್ಡೂ ಬೇಕಿಲ್ಲ. ಇದು ನನಗೆ ಮೊದಲಿಂದ ಗೊತ್ತಿತ್ತು. ಆದರೆ ತಂತಿ ಇರಲಿಲ್ಲ. ಕಂಪನಿಗೆ ಫೋನ್ ಮಾಡಿ ಕೇಳಿದ್ದೆ, ಡಬ್ಬಿಯ ಜೊತೆಗೇ ಕೊಟ್ಟಿದ್ದೇವೆ ಎಂದಿದ್ದರು. ಸುಳ್ಳು ಹೇಳುತ್ತೀರಿ ಎಂದು ನಾನು ಅವರನ್ನು ಬೈದು ಫೋನ್ ಇಟ್ಟಿದ್ದೆ.

ಸಿಟ್ಟಿನಲ್ಲಿ ಕಿಟಕಿಯ ಕಡೆ ತಿರುಗಿದೆ. ಕಾಕಾನ ಟವೆಲ್ ಯಾವಾಗಲೂ ಒಣಗುವ ಜಾಗ ಅದು. ಅವತ್ತು ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವನು ಸಾಂಗೆಗೆ ಹೋಗಿದ್ದ. ಬರೀ ಹಗ್ಗ ಉಳಿದಿತ್ತು. ಹಳದಿ ಹಗ್ಗ. ಎರಡೂ ತುದಿಗೆ ಪ್ಲಾಸ್ಟಿಕ್ಕಿನ ಪಾರದರ್ಶಕ ಕೊಂಡಿ.

ಫೋನಿನಲ್ಲಿ ಕಂಪನಿಯವರು ಹೇಳಿದ್ದು ಸತ್ಯ. ಬಂದವನು ತಂತಿಯನ್ನು ಕೊಟ್ಟಿದ್ದ, ಜೆಂಟ್ಸ್ ಕೈಗೆ ಕೊಟ್ಟಿದ್ದ.

ಗಂಟು ಬಿಚ್ಚಲು ಬರಲಿಲ್ಲ. ಅಕ್ಕ ಹಲ್ಲಿನಿಂದ ಬಿಚ್ಚಿದಳು. ತಂತಿ ಮೋಟು, ಆದ್ದರಿಂದ ಕಂಪ್ಯೂಟರನ್ನೇ ಎತ್ತಿ ಡಬ್ಬಿಯ ಪಕ್ಕದ ಒಲೆಕಟ್ಟೆಯ ಮೇಲಿಟ್ಟು, ಒಂದು ತುದಿ ಇಲ್ಲಿ, ಒಂದು ತುದಿ ಅಲ್ಲಿ ಚುಚ್ಚಿದೆವು. ಹಸಿರು ದೀಪ ಹತ್ತಿತು. ಅಕ್ಕ ಒಲೆಯ ಪಕ್ಕ ನಿಂತುಕೊಂಡೇ ಪರೀಕ್ಷೆ ಶುರು ಮಾಡಿದಳು.

ಮುಗಿಯಲು ಇನ್ನೂ ಹೊತ್ತಿರುವಾಗ ಕಾಕಾ ಬೆವರು ಸುರಿಸುತ್ತ ಬಂದ. ಕಿಟಕಿ ನೋಡಿದ, ತಂತಿ ನೋಡಿದ, ತನ್ನ ಅಪ್ಪಣೆಯಿಲ್ಲದೆ ಒಳಗೆ ಹೋದ ಸೊಸೆಯನ್ನು ನೋಡಿದ. ನಾನು ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡು ನಿಂತಿದ್ದೆ. ಅವನು ಹೊರಗೆ ಹೋಗಿ ಬಾಗಿಲಿಗೆ ಅಡ್ಡ ನಿಂತ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳನ್ನು ತಡೆದು, "ಒಳಗ ಪರೀಕ್ಷಾ ನಡದೈತಿ. ಕಲ್ ಆವೋ," ಎಂದ. ನನ್ನ ಬೈಗುಳಗಳು ಹಾಗೇ ಉಳಿದವು. ಆಮೇಲೆ ಬೇರೆ ಕಡೆ ಉಪಯೋಗಕ್ಕೆ ಬಂದವು.

ಲೇಡೀಸ್ ಇಲ್ಲ

ಅಕ್ಕ ಪಾಸಾದಳು. ಈಗ ಸ್ಟೋರ್ಸ್‌ನಲ್ಲಿ ಬೆನ್ನಿರುವ ಕುರ್ಚಿಯ ಮೇಲೆ ಕೂರುತ್ತಾಳೆ, ಮೊದಲ ವಾರ ಒರಗಿಕೊಂಡು ನಿದ್ದೆಯನ್ನೂ ಹೊಡೆದಳಂತೆ. ಪರೀಕ್ಷೆಯ ಸಂಜೆಯೇ, ಆ ತಂತಿ ಇರುವಾಗಲೇ, ಹೊಸ ಪಾಸ್‌ವರ್ಡ್ ಹಾಕಿಸಿದೆ. ಹಾಕಿದವಳು ಅಕ್ಕ. ಆಮೇಲೆ ಎಲ್ಲರೆದುರು ಗಟ್ಟಿಯಾಗಿ ಹೇಳಿದಳು. ಕಾಕಾನಿಗೂ ಹೇಳಿದಳು, ಗೋಡೆಯ ಕಡೆ ತಿರುಗಿಸದೆ. ಟವೆಲಿಗೆ ನಾನು ಸೆಣಬಿನ ಹಗ್ಗ ತಂದುಕೊಟ್ಟೆ.

ಮೊನ್ನೆ ಡಬ್ಬಿ ಬದಲಿಸಲು ಅದೇ ಕಂಪನಿಯವನು ಬಂದನಂತೆ. ನಾವಿಬ್ಬರೂ ಕೆಲಸದಲ್ಲಿದ್ದೆವು. ಬಾಗಿಲಲ್ಲಿ ಕಾಕಾನನ್ನು ಕಂಡು ಸಂತೋಷಪಟ್ಟು, ಜೆಂಟ್ಸ್ ಮನೆಯಲ್ಲೇ ಇದ್ದಾರಲ್ಲ, ಐದೇ ನಿಮಿಷದ ಕೆಲಸ ಎಂದು ಚಪ್ಪಲಿ ಬಿಟ್ಟನಂತೆ. ಕಾಕಾ ಕೈ ಅಡ್ಡ ಹಿಡಿದ. ಆಯುಷ್ಯವೆಲ್ಲ ಆಡಿದ ಹಿಂದಿಯಲ್ಲಿ ಒಂದೇ ಶಬ್ದ ಬದಲಿಸಿ ಹೇಳಿದ:

"ಲೇಡೀಸ್ ನಹೀ ಹೈ. ಕಲ್ ಆವೋ."

ಅವನು ಎಷ್ಟು ಹೇಳಿದರೂ ಗೇಟ್ ತೆಗೆಯಲಿಲ್ಲ. ಕೊನೆಗೆ ನೀರು ಕೇಳಿದನಂತೆ. ಕೊಟ್ಟನಂತೆ.

ಈಗ ಓದುತ್ತಿರುವ ನಿಮಗೆ ಹೇಳುತ್ತೇನೆ. ಈ ಪುಟ ಮಡಚಿಟ್ಟು ಏಳಿರಿ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ನಿಮಗೊಬ್ಬರಿಗೇ ಗೊತ್ತಿದ್ದರೆ, ಮನೆಯಲ್ಲಿರುವ ಎಲ್ಲರನ್ನೂ ಕರೆದು ಗಟ್ಟಿಯಾಗಿ ಹೇಳಿರಿ. ಗೊತ್ತಿಲ್ಲದಿದ್ದರೆ, ಗೊತ್ತಿರುವವನ ಎದುರು ಹೋಗಿ ನಿಂತು ಕೇಳಿರಿ. ಗೋಡೆಯ ಕಡೆ ತಿರುಗು ಎಂದರೆ ತಿರುಗಬೇಡಿರಿ.