ಜನರಲ್ ಸಾಹೇಬರ ಮುಂದೆ ಅಡುಗೆಯಣ್ಣನ ಕುಣಿತ

ಕಿಟಕಿ ಕಟ್ಟೆಯ ಮೇಲಿದ್ದ ಅರ್ಧ ತಿಂದ ಸಿಹಿ ಬನ್ನನ್ನು ನೋಡದೆಯೇ ಜೇಬಿಗೆ ತುರುಕಿಕೊಂಡದ್ದೇ ಅಡುಗೆಯಣ್ಣನ ತಪ್ಪಾಯಿತು. ವಿಷಾನಿಲ ಸೋರಿಕೆ ತಡೆಯುವ ಸೇನಾದಳದ ಅಡುಗೆಯವನು ಅವನು.

ಅಷ್ಟರಲ್ಲಿ ಕ್ಯಾಪ್ಟನ್ ಏದುಸಿರು ಬಿಡುತ್ತ ಓಡಿಬಂದರು. "ಅಡುಗೆಯಣ್ಣ, ಜನರಲ್ ಸಾಹೇಬ್ರು ಗೇಟ್ ಹತ್ರ ಬಂದ್ಬಿಟ್ರು! ರಕ್ಷಣಾ ಉಡುಪು ಹಾಕ್ಕೊಂಡು ತೋರಿಸ್ಬೇಕಾದವನಿಗೆ ಜ್ವರ. ಆ ಉಡುಪಿಗೆ ಸರಿಹೊಂದೋ ಹೊಟ್ಟೆ ಇರೋದು ನಿಂಗೊಬ್ಬನಿಗೇ!"

"ಸಾರ್, ನಂಗೆ ಸೌಟು ಬಿಟ್ರೆ ಬೇರೇನೂ ಗೊತ್ತಿಲ್ಲ."

"ಗೊತ್ತಿರ್ಬೇಕಾದ್ದೇನಿದೆ? ಕಂಬದ ಹಾಗೆ ನಿಂತ್ರೆ ಸಾಕು."

ಇಬ್ಬರು ಸೈನಿಕರು ದಿಂಬಿಗೆ ಹತ್ತಿ ತುಂಬುವಂತೆ ಅವನನ್ನು ಹಳದಿ ಉಡುಪಿನೊಳಗೆ ತುಂಬಿ, ಕತ್ತಿನವರೆಗೆ ಜಿಪ್ಪು ಎಳೆದು, ಮುಖವಾಡ ಬಿಗಿದರು. ಬನ್ನಿಗೆ ಮುತ್ತಿದ್ದ ಇರುವೆಗಳೂ ಒಳಗೆ ಸೇರಿದ್ದು ಯಾರಿಗೂ ತಿಳಿಯಲಿಲ್ಲ.

ಜನರಲ್ ಎದುರು ಬಂದು ನಿಂತದ್ದೇ ತಡ, ಮೊದಲ ಇರುವೆ ತೊಡೆಗೆ ಕಚ್ಚಿತು. ಅಡುಗೆಯಣ್ಣ ಹಲ್ಲು ಕಚ್ಚಿ ಸಹಿಸಿಕೊಂಡ. ಎರಡನೆಯದು ಎಲ್ಲಿ ಕಚ್ಚಿತೆಂದು ಹೇಳುವ ಹಾಗಿಲ್ಲ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟ್ಟನೆ ಸಿಡಿದ.

"ಇದೇನ್ರೀ ಇದು?" ಜನರಲ್ ಹುಬ್ಬೇರಿಸಿದರು.

ಕ್ಯಾಪ್ಟನ್ ಬೆವರೊರೆಸಿಕೊಂಡರು. "ಅದು... ವಿಷಾನಿಲ ನರಕ್ಕೇರಿದ್ರೆ ಹೇಗಾಗುತ್ತೆ ಅಂತ ತೋರಿಸ್ತಿದಾನೆ, ಸಾರ್."

ಅಡುಗೆಯಣ್ಣ ಜಿಪ್ಪಿಗೆ ಕೈ ಹಾಕಿದ. "ಅಪಾಯದ ಜಾಗದಲ್ಲಿ ಉಡುಪು ಬಿಚ್ಚೋಕೆ ಬಿಡ್ಬಾರ್ದು!" ಎನ್ನುತ್ತ ಸೈನಿಕರಿಬ್ಬರೂ ಅವನ ಕೈಗಳನ್ನು ಹಿಡಿದರು. "ಇರುವೆ! ಇರುವೆ!" ಎಂದು ಅವನು ಅರಚಿದ್ದು ಮುಖವಾಡದಾಚೆಗೆ "ಊ... ಊ..." ಎಂದಷ್ಟೇ ಕೇಳಿಸಿತು. ಕೊನೆಗೆ ಕೊಸರಿಕೊಂಡು ಓಡಿದವನು ಉಡುಪು ತೊಳೆಯುವ ನೀರಿನ ತೊಟ್ಟಿಗೆ ದಬಕ್ಕನೆ ಬಿದ್ದ.

ಜನರಲ್ ಚಪ್ಪಾಳೆ ತಟ್ಟಿದರು. "ಮೂವತ್ತು ವರ್ಷದಲ್ಲಿ ಇಂಥಾ ಪ್ರದರ್ಶನ ನೋಡಿಲ್ಲ ನಾನು! ಇವನನ್ನ ಎಲ್ಲಾ ಶಿಬಿರಕ್ಕೂ ಕಳಿಸಿ. ನಾಳೆಯಿಂದ್ಲೇ, ದಿನಕ್ಕೆ ಮೂರು ಸಲ."

ತೊಟ್ಟಿಯಿಂದ ಎದ್ದುಬಂದು ಮುಖವಾಡ ಕಳಚುತ್ತಲೇ ಅಡುಗೆಯಣ್ಣ ಯೋಚಿಸಿದ: ನಿಜ ಹೇಳಿದರೆ ನೌಕರಿ ಹೋಗುತ್ತದೆ, ಹೇಳದಿದ್ದರೆ ಜೀವವೇ ಹೋಗುತ್ತದೆ. ಜನರಲ್ಲರ ಮುಂದೆ ಕೈಮುಗಿದು ನಿಂತ.

"ತಪ್ಪಾಯ್ತು ಸಾಹೇಬ್ರೇ! ನಾನು ಅಡುಗೆಯವ. ನಂಗೆ ನಟನೆ ಗಿಟನೆ ಬರಲ್ಲ. ಒಳಗೆ ಇರುವೆ ಕಚ್ತಿದ್ವು!"

ಕ್ಯಾಪ್ಟನ್ನರ ಮುಖ ಸುಣ್ಣ ಬಳಿದಂತಾಯಿತು. ಜನರಲ್ ಮೀಸೆ ತಿರುವಿದರು. ಆಮೇಲೆ ಅಡುಗೆಯಣ್ಣನ ಒದ್ದೆ ಭುಜ ತಟ್ಟಿದರು.

"ಪ್ರಾಮಾಣಿಕ ಕಣಯ್ಯಾ ನೀನು! ಹೇಳಿದ್ದು ಒಳ್ಳೇದೇ ಆಯ್ತು," ಎಂದವರು ಕ್ಯಾಪ್ಟನ್ ಕಡೆ ತಿರುಗಿದರು. "ಕೇಳಿಸ್ತೇನ್ರೀ? ಇವನ ಜೊತೆ ಒಂದು ಡಬ್ಬಿ ಇರುವೆನೂ ಕಳಿಸಿ."