ಹಾಲ್ವರನ ಮೂರು ಬೇಡ

ನಮ್ಮ ಮಿನೆಸೋಟದ ಹಾಲ್ವರ್ ಸ್ಕೋಗ್ಲುಂಡನ ಮನೆಗೂ ಅವನ ಟರ್ಕಿ ಕೋಳಿಗಳ ಕೊಟ್ಟಿಗೆಗೂ ನಡುವೆ ಒಂದು ಹೊಂಡವಿದೆ. ಒಂದು ಹಸು ಕಾಲು ಮಡಚಿ ಮಲಗಬಹುದು, ಅಷ್ಟೇ. ಆದರೆ ಕೇಂದ್ರ ಸರ್ಕಾರದ ನಕ್ಷೆಯಲ್ಲಿ ಅದು ಸಂರಕ್ಷಿತ ಜೌಗು. ಎರಡು ಲೋಡು ಮಣ್ಣು ಸುರಿದು ಮುಚ್ಚಬೇಕಾದರೆ ಮೂವತ್ತೆಂಟು ಪುಟದ ಅರ್ಜಿ ತುಂಬಬೇಕು.

ಆರು ವರ್ಷದಿಂದ ಹಾಲ್ವರ್ ತನ್ನ ಸಂಸದನಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಕೇಂದ್ರ ಖರ್ಚು ಇಳಿಸಲಿ, ಕಾನೂನು ಇಳಿಸಲಿ, ನನ್ನ ಹೊಂಡ ನನಗೆ ಬಿಡಲಿ ಎಂದು. ಪ್ರತಿ ಸಲವೂ ಒಂದೇ ಉತ್ತರ: ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು.’

ಈ ಶನಿವಾರ ಸಂಸದನೇ ನಮ್ಮ ಚರ್ಚಿನ ನೆಲಮಾಳಿಗೆಗೆ ಜನರ ಮಾತು ಕೇಳಲು ಬರುವವನಿದ್ದ. ಒಬ್ಬೊಬ್ಬರಿಗೆ ಎರಡು ನಿಮಿಷ. ಹಾಲ್ವರ್ ತನ್ನ ಭಾಷಣವನ್ನು ಕೋಳಿಗಳ ಮುಂದೆ ನಿಂತು ವಾರವಿಡೀ ಅಭ್ಯಾಸ ಮಾಡಿದ್ದ. ಕೋಳಿಗಳಿಂದ ಆಕ್ಷೇಪವೇನೂ ಬಂದಿರಲಿಲ್ಲ.

ಹೊರಡುವ ಅವಸರದಲ್ಲಿ ಗಾಡಿ ತಿರುಗಿಸಲು ಹೋದ. ಪಿಕಪ್ಪಿನ ಹಿಂದಿನ ಚಕ್ರ ಜಾರಿ ಅದೇ ಹೊಂಡದಲ್ಲಿ ಕೂತಿತು. ತಳ್ಳಲು ಇಳಿದವನು ಮೊಣಕಾಲವರೆಗೆ ಹೂತುಹೋದ.

ಬೇಲಿಯಾಚೆಯಿಂದ ನೆರೆಮನೆಯ ಲವಾನ್ ಕೂಗಿದಳು. “ಅಲ್ಲಾಡ್ಬೇಡ ಕಣೋ! ಫೈರ್ ಎಂಜಿನ್ ಕರೀತೀನಿ!”

“ಎಂಜಿನ್ ಯಾಕೇ? ಒಂದು ಹಗ್ಗ ಎಸಿ, ಸಾಕು!”

“ಸುಮ್ನಿರು. ಹೊಸ ಎಂಜಿನ್ ಬಂದು ಎರಡು ತಿಂಗ್ಳಾಯ್ತು, ಊರಲ್ಲಿ ಒಂದು ಬೆಂಕೀನೂ ಬಿದ್ದಿಲ್ಲ. ಪಾಪ, ಡ್ವೇನ್‌ಗೆ ಕೈ ಕಡೀತಿದೆ.”

ಅಗ್ನಿಶಾಮಕ ದಳದ ಡ್ವೇನ್ ಗಂಟೆ ಬಾರಿಸಿಕೊಂಡೇ ಬಂದ. ಕೆಂಪು ಎಂಜಿನ್ನಿನ ಮೈಮೇಲೆ ದಪ್ಪಕ್ಷರದಲ್ಲಿ ‘ಕೇಂದ್ರ ಸರ್ಕಾರದ ಅನುದಾನ’ ಎಂದಿತ್ತು. ಹಾಲ್ವರನನ್ನು ಹುಳುಕು ಹಲ್ಲಿನಂತೆ ಕಿತ್ತು ದಡಕ್ಕೆ ಹಾಕಿದ. ಎಡಗಾಲಿನ ಬೂಟು ಮಾತ್ರ ಕೆಸರಿನ ಪಾಲಾಯಿತು.

“ಏನಪ್ಪಾ, ಇದು ಸರ್ಕಾರದ ದುಂದುವೆಚ್ಚ ತಾನೆ? ಬೇಕಾದ್ರೆ ವಾಪಸ್ ಹೊಂಡಕ್ಕೇ ಬಿಡ್ಲಾ?” ಎಂದು ಡ್ವೇನ್ ಹಲ್ಲು ಕಿರಿದ.

ಪಿಕಪ್ ಮಿಸುಕಲಿಲ್ಲ. ಲವಾನ್ ಹಾಲ್ವರನನ್ನು ತನ್ನ ವ್ಯಾನಿಗೆ ಹತ್ತಿಸಿಕೊಂಡಳು. ಅದು ವಯಸ್ಸಾದವರ ಮನೆಮನೆಗೆ ಊಟ ಮುಟ್ಟಿಸುವ ವ್ಯಾನು. ಅದೂ ಕೇಂದ್ರದ ದುಡ್ಡಿನದೇ. ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಬಿಸಿಬಿಸಿ ಹಾಟ್‌ಡಿಶ್ ತಟ್ಟೆಗಳ ನಡುವೆ ಅವನನ್ನು ಕೂರಿಸಿ, ನಡುಗುವ ಕಾಲಿಗೆ ತನ್ನ ಉಣ್ಣೆಯ ಶಾಲು ಸುತ್ತಿದಳು. ಹಾಲ್ವರನಿಗೆ ಎಂಥ ಒಳ್ಳೆಯ ಜನ ಸುತ್ತಲಿದ್ದಾರೆ ಎಂದು ನಿಜಕ್ಕೂ ಅನ್ನಿಸಿತು.

ಅಲ್ಲೇ ಕೆಟ್ಟಿತು ನೋಡಿ. ನಮ್ಮ ಮಿನೆಸೋಟದಲ್ಲಿ ಉಪಕಾರ ಮಾಡಿದವರನ್ನು ಎದುರಿಗೇ ಕೂರಿಸಿಕೊಂಡು ಧನ್ಯವಾದಕ್ಕೂ ಮೊದಲು ದೂರು ಹೇಳಿದರೆ ಮೂರು ತಲೆಮಾರು ಮರೆಯುವುದಿಲ್ಲ. ನೆಲಮಾಳಿಗೆಯ ಮೈಕಿನ ಮುಂದೆ ಒಂಟಿ ಬೂಟಿನಲ್ಲಿ ನಿಂತ ಹಾಲ್ವರ್ ಲವಾನಳಿಗೆ ಧನ್ಯವಾದ ಹೇಳಿದ, ಡ್ವೇನನಿಗೆ ಹೇಳಿದ, ಎಂಜಿನ್ನಿಗೆ, ವ್ಯಾನಿಗೆ, ಶಾಲಿಗೂ ಹೇಳಿದ. ಕೊನೆಗೆ, “ಇಷ್ಟಕ್ಕೆಲ್ಲ ಕಾರಣ ನನ್ನ ಮನೆ ಮುಂದಿನ ಹೊಂಡ. ಆ ಹೊಂಡ…” ಅನ್ನುವಷ್ಟರಲ್ಲಿ ಎರಡು ನಿಮಿಷದ ಗಂಟೆ ಹೊಡೆಯಿತು.

ಸಂಸದ ಕಣ್ಣೊರೆಸಿಕೊಂಡ. “ಆರು ವರ್ಷದಿಂದ ನಿಮ್ಮ ಕಾಗದ ಬರ್ತಾನೇ ಇತ್ತು. ಓದೋಕಾಗಿರ್ಲಿಲ್ಲ, ಕ್ಷಮಿಸಿ. ಆ ಹೊಂಡದ ಮೇಲೆ ಇಷ್ಟು ಪ್ರೀತೀನಾ! ಕೇಂದ್ರದಿಂದ ಅನುದಾನ ಕೊಡಿಸ್ತೀನಿ. ಸುತ್ತ ಬೇಲಿ, ಬಾತುಕೋಳಿ ನೋಡೋಕೆ ಬೆಂಚು, ನಿಮ್ಮ ಹೆಸರಿನ ಫಲಕ!”

“ಬೇಡ ಸ್ವಾಮಿ!”

“ಸಂಕೋಚ ಬೇಡ, ತಗೊಳ್ಳಿ.”

“ಖಂಡಿತ ಬೇಡ!”

“ನಮ್ಮ ಸಂತೋಷಕ್ಕೆ.”

“ಅಯ್ಯೋ, ಬೇಡಾ ಅಂದ್ರೆ ಬೇಡ!”

ನೆಲಮಾಳಿಗೆ ಚಪ್ಪಾಳೆಯಿಂದ ನಡುಗಿತು. ನಮ್ಮಲ್ಲಿ ಒಂದು ತುಂಡು ಕೇಕ್ ಕೊಟ್ಟರೂ ಮೊದಲ ಬೇಡ ಮರ್ಯಾದೆ, ಎರಡನೆಯದು ಸಂಕೋಚ, ಮೂರನೆಯದು ಹೂಂ. ಸಂಸದನೂ ಇದೇ ಜಿಲ್ಲೆಯಲ್ಲಿ ಹುಟ್ಟಿದವನು, ತಕ್ಷಣ ಬರೆದುಕೊಂಡ.

ಬೇಲಿ ಹಾಕಿದರೆ ಕೊಟ್ಟಿಗೆಗೆ ಹೋಗಲು ದಿನಾ ಅದನ್ನು ಸುತ್ತಬೇಕು. ಹೊಂಡ ಮುಚ್ಚುವ ಮಾತು ಈ ಜನ್ಮಕ್ಕೆ ಮುಗಿಯಿತು. ಹಾಲ್ವರನಿಗೆ ನಿಜವನ್ನು ಕೂಗಿ ಹೇಳಬೇಕೆನಿಸಿತು. ಆದರೆ ಊರಿಗೆ ಊರೇ ಪ್ರೀತಿಯಿಂದ ಅವನನ್ನೇ ನೋಡುತ್ತಿತ್ತು, ಲವಾನ್ ಮೂಗೊರೆಸಿಕೊಳ್ಳುತ್ತಿದ್ದಳು.

“ಧನ್ಯವಾದ” ಎಂದ ಹಾಲ್ವರ್.